ನಾನು ಕೂತರೆ ಕೆಮ್ಮುವ ಕಾರು

ಕಳೆದ ಭಾನುವಾರ ನನ್ನ ಗಂಡ ನನ್ನನ್ನು ಮಧುಗಿರಿ ಬಸ್ ಸ್ಟ್ಯಾಂಡಿನಲ್ಲಿ ಪಾವಗಡದ ಬಸ್ಸಿಗೆ ಹತ್ತಿಸಿ, ಕಿಟಕಿಯ ಹತ್ತಿರ ಬಂದು ‘ಹುಷಾರು’ ಎಂದು ಹೇಳಿ, ತಾವು ಕಾರಿನಲ್ಲಿ ಹೊರಟರು. ಇಬ್ಬರೂ ಹೋಗಬೇಕಿದ್ದದ್ದು ಒಂದೇ ಊರಿಗೆ. ಒಂದೇ ಮನೆಗೆ. ಒಂದೇ ನಿಶ್ಚಿತಾರ್ಥಕ್ಕೆ. ಅದೂ ನನ್ನ ಸ್ವಂತ ಅಕ್ಕನ ಮಗಳದ್ದು!

ಜಗಳವಾಗಿತ್ತಾ? ಇಲ್ಲ. ಕಾರಿನಲ್ಲಿ ಜಾಗ ಇರಲಿಲ್ಲವಾ? ಬೇಕಾದಷ್ಟಿತ್ತು. (ಮುಂದಿನ ಸೀಟಿನಲ್ಲಿ ನನ್ನ ಬದಲು ಒಂದು ಬಾಳೆಗೊನೆ ಕೂತಿತ್ತು. ಸೀಟ್ ಬೆಲ್ಟ್ ಸಮೇತ.)

ಕಾರಣ ಇಷ್ಟೇ. ನಮ್ಮ ಕಾರಿಗೆ ನಾನು ಆಗುವುದಿಲ್ಲ.

ನಗಬೇಡಿ. ಇದು ನನ್ನ ಅಭಿಪ್ರಾಯವಲ್ಲ. ಮೆಕ್ಯಾನಿಕ್ಕೇ ಎರಡೆರಡು ಸಲ ಟೆಸ್ಟ್ ಮಾಡಿ, ನನ್ನನ್ನು ಎದುರಿಗೇ ನಿಲ್ಲಿಸಿಕೊಂಡು ಹೇಳಿದ ಮಾತು. ಮೊದಲಿನಿಂದ ಹೇಳುತ್ತೇನೆ, ಆಮೇಲೆ ನೀವೇ ನ್ಯಾಯ ಹೇಳಿ.

ನಮ್ಮನೆಯವರು ರುದ್ರೇಶ್. ಪಶು ಆಸ್ಪತ್ರೆಯಲ್ಲಿ ಕೆಲಸ. ಡಾಕ್ಟರ್ ಅಲ್ಲ, ಆದರೂ ಸುತ್ತಲಿನ ಹಳ್ಳಿಗಳಲ್ಲಿ ಎಲ್ಲರಿಗೂ ‘ದನದ ಡಾಕ್ಟ್ರು’. ಅವರ ಹತ್ತಿರ ನನ್ನ ಮಾವನವರ ಕಾಲದ ಒಂದು ಬಿಳಿ ಕಾರಿದೆ. ಈಗಿನ ಕಾರುಗಳ ಹಾಗೆ ಒಳಗೊಂದು ಕಂಪ್ಯೂಟರ್ ಕೂತು ಎಲ್ಲವನ್ನೂ ನೋಡಿಕೊಳ್ಳುವ ಕಾರಲ್ಲ. ಇದರಲ್ಲಿರುವುದು ಕಾರ್ಬ್ಯುರೇಟರ್. ಗಾಳಿಗೆ ಎಷ್ಟು ಪೆಟ್ರೋಲ್ ಬೆರೆಸಬೇಕು ಎಂದು ಹದ ನೋಡಿ ಇಂಜಿನ್ನಿಗೆ ಕಳಿಸುವ ಒಂದು ಪುಟ್ಟ ಡಬ್ಬಿ. ಒಗ್ಗರಣೆಗೆ ಎಣ್ಣೆ ಹಾಕುವ ಕೈಯಿದ್ದ ಹಾಗೆ ಎಂದು ತಿಳಿಯಿರಿ. ಕೈ ಜಾರಿತೋ, ಮನೆಯೆಲ್ಲ ಹೊಗೆ.

ಯುಗಾದಿ ಕಳೆದ ಮೇಲೆ ಕೈ ಜಾರಿತು.

ಅವತ್ತು ಕೊರಟಗೆರೆಯಲ್ಲಿ ನನ್ನ ಸಹೋದ್ಯೋಗಿಯ ಗೃಹಪ್ರವೇಶ. (ನಾನು ಪಿಯು ಕಾಲೇಜಿನಲ್ಲಿ ಕನ್ನಡ ಪಾಠ ಮಾಡುತ್ತೇನೆ.) ಇಬ್ಬರೂ ಹೊರಟೆವು. ಊರು ದಾಟುವಷ್ಟರಲ್ಲಿ ಕಾರು ಗೊರಗೊರ ಎಂದಿತು, ಎಳೆಯಲಾರದೆ ತಡವರಿಸಿತು, ಪೆಟ್ರೋಲ್ ವಾಸನೆ ಮೂಗಿಗೆ ಹೊಡೆಯಿತು. ಕನ್ನಡಿಯಲ್ಲಿ ನೋಡಿದರೆ ಹಿಂದೆ ರಸ್ತೆಯೇ ಇಲ್ಲ, ಕಪ್ಪು ಹೊಗೆ ಮಾತ್ರ. ಕೊರಟಗೆರೆ ಸರ್ಕಲ್ಲಿನಲ್ಲಿ ಹೊಗೆಯೊಳಗಿಂದ ಒಬ್ಬ ಬೈಕಿನವನು ಈಚೆಗೆ ಬಂದ. ಬೆಳಿಗ್ಗೆ ಅವನ ಅಂಗಿ ಬಿಳಿಯದ್ದೇ ಇದ್ದಿರಬೇಕು.

‘ಏನ್ ಸಾರ್, ಒಳಗೆ ಒಲೆ ಹಚ್ಚಿದ್ದೀರಾ?’ ಎಂದ.

ಮನೆಗೆ ಬಂದು ರುದ್ರೇಶ್ ಬಾನೆಟ್ ಎತ್ತಿದರು. ಮೇವು ಬಿಟ್ಟ ಹಸುವನ್ನು ನೋಡುವ ಹಾಗೆ ನೋಡಿದರು. ನೀರಿದೆ, ಆಯಿಲ್ ಇದೆ, ಬೆಲ್ಟ್ ಸರಿಯಿದೆ. ಸೈಲೆನ್ಸರ್ ಹತ್ತಿರ ಬಗ್ಗಿ ಮೂಸಿದರು ಕೂಡ. ಕಾಯಿಲೆ ಗೊತ್ತಾಗಲಿಲ್ಲ. ಮರುದಿನ ಅದೇ ಕಾರಿನಲ್ಲಿ ಒಬ್ಬರೇ ಚನ್ನರಾಯನದುರ್ಗಕ್ಕೆ ಹೋಗಿ, ಅಲ್ಲಿನ ದನಗಳಿಗೆಲ್ಲ ಲಸಿಕೆ ಹಾಕಿ ಬಂದರು. ಹೊಗೆ ಇಲ್ಲ, ವಾಸನೆ ಇಲ್ಲ, ಕೆಮ್ಮೂ ಇಲ್ಲ.

‘ಸರಿಹೋಯ್ತು ಕಣೇ, ತಾನಾಗೇ!’ ಎಂದರು.

ಸಂಜೆ ನನ್ನನ್ನು ಕೂರಿಸಿಕೊಂಡು ತರಕಾರಿಗೆ ಹೊರಟರು. ಸಂತೆ ಬೀದಿಯಲ್ಲಿ ಸೊಪ್ಪು ಮಾರುವವರು ಸೊಪ್ಪಿನ ಮೇಲೆ ಗೋಣಿ ಮುಚ್ಚಿದರು. ಅಷ್ಟು ಹೊಗೆ!

ಹೀಗೇ ನಡೆಯಿತು. ಅವರು ಒಬ್ಬರೇ ಹೋದರೆ ಕಾರು ಬಂಗಾರ. ನಾನು ಕೂತರೆ ಇಟ್ಟಿಗೆ ಗೂಡು. ಕಾಕತಾಳೀಯ ಎಂದುಕೊಂಡೆ. ಅವರು ಮಾತ್ರ ನನ್ನ ಕಡೆಗೊಮ್ಮೆ, ಕಾರಿನ ಕಡೆಗೊಮ್ಮೆ ನೋಡುವುದಕ್ಕೆ ಶುರು ಮಾಡಿದರು.

ಕೊನೆಗೆ ಶಿರಾದ ಬಷೀರ್ ಭಾಯ್ ಹತ್ತಿರ ಹೋದೆವು. ಹಳೆಯ ಕಾರುಗಳಿಗೆ ಈ ಭಾಗದಲ್ಲಿ ಅವರದೇ ಕೊನೆಯ ಮಾತು. ದೊಡ್ಡ ಗಡ್ಡ, ಅದಕ್ಕಿಂತ ದೊಡ್ಡ ಆತ್ಮವಿಶ್ವಾಸ. ಗ್ಯಾರೇಜಿನ ಮುಂದೆ ಕಾರು ನಿಲ್ಲಿಸಿ ನಾನು ನನ್ನ ಬ್ಯಾಗ್ ಎತ್ತಿಕೊಂಡು ಇಳಿದೆ. ಭಾಯ್ ಇಂಜಿನ್ನಿನಿಂದ ಒಂದು ಪ್ಲಗ್ ಬಿಚ್ಚಿ ನನ್ನ ಮುಖದ ಮುಂದೆ ಹಿಡಿದರು.

‘ನೋಡಿ ಮೇಡಂ. ಪ್ಲಗ್ಗು ಹಾಲು ಜಾಸ್ತಿ ಹಾಕಿದ ಕಾಫಿ ಕಲರ್ ಇರ್ಬೇಕು. ಇದು ತವಾ ತಳ ಇದ್ದಂಗೈತೆ. ನಿಮ್ ಗಾಡಿ ರಿಚ್ ಓಡ್ತೈತೆ.’

‘ಅಂದ್ರೆ?’

‘ಗಾಳಿ ಕಮ್ಮಿ, ಪೆಟ್ರೋಲ್ ಜಾಸ್ತಿ. ಉಣ್ಣೋಕಾಗ್ದಷ್ಟು ಬಡಿಸ್ತಾ ಇದೆ. ಉಳಿದಿದ್ದೆಲ್ಲಾ ಹೊಗೆ.’

(ನಮ್ಮ ಮನೆಯಲ್ಲಿ ಏನೋ ಒಂದು ರಿಚ್ ಆಯಿತಲ್ಲ ಎಂದು ಒಳಗೊಳಗೇ ಸಣ್ಣ ಸಂತೋಷವಾದದ್ದು ನಿಜ.)

ಭಾಯ್ ಕೆಲಸ ಶುರು ಮಾಡಿದರು. ಏರ್ ಫಿಲ್ಟರ್ ತೆಗೆದು ಕುಟ್ಟಿದರು, ಒಂದು ಹೊಲಕ್ಕಾಗುವಷ್ಟು ಮಣ್ಣು ಬಿತ್ತು. ಕಾರ್ಬ್ಯುರೇಟರ್ ಬಿಚ್ಚಿ, ಒಳಗೆ ಪೆಟ್ರೋಲಿನ ಮಟ್ಟ ಕಾಯುವ ಫ್ಲೋಟು ಎತ್ತಿ, ಕಿವಿಯ ಹತ್ತಿರ ಅಲ್ಲಾಡಿಸಿದರು. ತೂತಿಲ್ಲ. ಪೆಟ್ರೋಲ್ ಹೋಗುವ ಸಣ್ಣ ಸಣ್ಣ ಜೆಟ್‌ಗಳನ್ನು ಊದಿ ಬಿಸಿಲಿಗೆ ಹಿಡಿದು ನೋಡಿದರು. ಎಲ್ಲ ಜೋಡಿಸಿ, ಇಂಜಿನ್ ಚಾಲೂ ಮಾಡಿ, ಕಣ್ಣು ಮುಚ್ಚಿಕೊಂಡು ಮಿಕ್ಸ್ಚರ್ ಸ್ಕ್ರೂವನ್ನು ಒಂಚೂರು ಆ ಕಡೆ, ಒಂಚೂರು ಈ ಕಡೆ ತಿರುಗಿಸಿದರು. ರುದ್ರೇಶ್ ಕೂಡ ಪಕ್ಕದಲ್ಲಿ ನಿಂತು ಕಣ್ಣು ಮುಚ್ಚಿದರು. ಯಾಕೆಂದು ಅವರಿಗೂ ಗೊತ್ತಿರಲಿಲ್ಲ.

ಇಂಜಿನ್ ಹೊಲಿಗೆ ಮಿಷನ್ನಿನ ಹಾಗೆ ತಿರುಗತೊಡಗಿತು. ‘ಬಿಲ್ಕುಲ್ ಹೊಸ ಗಾಡಿ!’ ಎಂದರು ಭಾಯ್.

ನಾನು ಹತ್ತಿ ಕೂತೆ. ಬಡವನಹಳ್ಳಿ ಬರುವುದರೊಳಗೆ ಕಪ್ಪು ಹೊಗೆ.

ಮುಂದಿನ ವಾರ ಮತ್ತೆ ಶಿರಾ. ಈ ಸಲ ಭಾಯ್ ಸ್ಕ್ರೂ ಮುಟ್ಟಲಿಲ್ಲ. ಗಡ್ಡ ನೀವಿಕೊಂಡು ಪೂರ್ತಿ ಕಥೆ ಕೇಳಿದರು. ‘ಮೇಡಂ, ನೀವು ಸ್ವಲ್ಪ ಹತ್ತಿ ಕೂತ್ಕೊಳ್ಳಿ’ ಎಂದು ತಾವು ಹಿಂದೆ ಹೋಗಿ ಸೈಲೆನ್ಸರ್ ಪಕ್ಕ ಕುಕ್ಕರಗಾಲಲ್ಲಿ ಕೂತರು. ನಾನು ಎಂದಿನಂತೆ ಬ್ಯಾಗನ್ನು ಮುಂದಿನ ಕೊಕ್ಕೆಗೆ ನೇತುಹಾಕಿ ಕೂತೆ. ಗೊರಗೊರ. ಹೊಗೆ. ‘ಇಳೀರಿ!’ ಬ್ಯಾಗ್ ತೆಗೆದುಕೊಂಡು ಇಳಿದೆ. ಇಂಜಿನ್ ಸಣ್ಣಗೆ ಒಮ್ಮೆ ನಿಟ್ಟುಸಿರು ಬಿಟ್ಟು ಸರಿಹೋಯಿತು. ‘ಹತ್ತಿ!’ ಹೊಗೆ. ‘ಇಳೀರಿ!’ ಸರಿ.

ಭಾಯ್ ಎದ್ದು ನಿಂತರು. ಮುಖ ಮಸಿ. ಕಣ್ಣಲ್ಲಿ ಮಾತ್ರ ಏನೋ ಕಂಡುಹಿಡಿದವರ ಹೊಳಪು.

‘ಸಾರ್, ಭಾರದ್ದಿರಬಹುದು’ ಎಂದರು. ಆಮೇಲೆ ನನ್ನ ಕಡೆ ತಿರುಗಿ, ತಗ್ಗಿದ ದನಿಯಲ್ಲಿ, ‘ತಪ್ಪು ತಿಳ್ಕೋಬೇಡಿ ಮೇಡಂ, ನಿಮ್ಮ ವೆಯ್ಟ್ ಎಷ್ಟು?’

ನಾನು ಕೊಟ್ಟ ಉತ್ತರವನ್ನು ಇಲ್ಲಿ ಬರೆದರೆ ಸಂಪಾದಕರು ಅಚ್ಚು ಹಾಕುವುದಿಲ್ಲ.

ಭಾಯ್ ಅಂದಾಜಿನ ಮೇಲೆ ಮುಂದುವರಿದರು. ಲಾರಿಯದೊಂದು ಟೈರು, ಎರಡು ಹಳೆಯ ಬ್ಯಾಟರಿ ನನ್ನ ಸೀಟಿನಲ್ಲಿ ಇಟ್ಟರು. ನನ್ನ ಕಡೆಗೊಮ್ಮೆ ನೋಡಿ, ‘ಇನ್ನೊಂದು ಸ್ವಲ್ಪ’ ಎಂದು ಒಂದು ಜಾಕ್ ಸೇರಿಸಿದರು. (ಆ ‘ಇನ್ನೊಂದು ಸ್ವಲ್ಪ’ವನ್ನು ನಾನು ಮರೆತಿಲ್ಲ.) ಇಂಜಿನ್ ಚಾಲೂ ಮಾಡಿದರು. ಒಂದೆಳೆ ಹೊಗೆಯೂ ಇಲ್ಲ.

‘ಭಾರ ಅಲ್ಲ ಸಾರ್’ ಎಂದರು.

‘ಮತ್ತೇನು?’

ಬಷೀರ್ ಭಾಯ್ ಕೈ ಒರೆಸಿಕೊಂಡರು. ಆಕಾಶ ನೋಡಿದರು. ‘ಕೆಲವು ಗಾಡಿಗೆ ಕೆಲವು ಜನ ಆಗಲ್ಲ ಸಾರ್. ನಮ್ಮ ಚಾಚಾದು ಒಂದು ಜೀಪಿತ್ತು, ಚಾಚಿ ಹತ್ತಿದ್ರೆ ಸ್ಟಾರ್ಟೇ ಆಗ್ತಿರ್ಲಿಲ್ಲ.’ ಆದರೂ ಯಾವುದಕ್ಕೂ ಇರಲಿ ಎಂದು ಮಿಕ್ಸ್ಚರ್ ಸ್ಕ್ರೂವನ್ನು ಇನ್ನಷ್ಟು ಬಿಗಿ ಮಾಡಿ, ಪೆಟ್ರೋಲ್ ಕಡಿಮೆ ಮಾಡಿ ಕಳಿಸಿದರು.

ನಗುತ್ತಾರೆಂದುಕೊಂಡು ನಾನು ಗಂಡನ ಮುಖ ನೋಡಿದೆ. ಅವರು ಗಂಭೀರವಾಗಿ ತಲೆಯಾಡಿಸುತ್ತಿದ್ದರು.

‘ಇರುತ್ತೆ ಭಾಯ್. ಕೆಲವು ಎಮ್ಮೆ ಎಲ್ಲರಿಗೂ ಹಾಲು ಕೊಡ್ತವೆ, ಮನೆ ಹೆಂಗಸು ಬಂದ್ರೆ ಮಾತ್ರ ಒದೀತವೆ.’

ಹದಿನೆಂಟು ವರ್ಷ ಸಂಸಾರ ಮಾಡಿದ ಗಂಡ ಹೀಗೆ ಶಿರಾದ ನಡುಬೀದಿಯಲ್ಲಿ ಎಮ್ಮೆಯ ಪರ ವಹಿಸಿದರೆ ನೀವಾದರೂ ಏನು ಮಾಡುತ್ತೀರಿ?

ಈಗ ನಿಶ್ಚಿತಾರ್ಥಕ್ಕೆ ಬರೋಣ. ನಮ್ಮಕ್ಕ ಪಾರ್ವತಿಯ ಮನೆ ವೈ.ಎನ್.ಹೊಸಕೋಟೆಯಲ್ಲಿ. ಹಣ್ಣು, ಹೂವು, ಮಧುಮಗಳ ರೇಷ್ಮೆ ಸೀರೆ, ಎಲ್ಲವೂ ನಮ್ಮ ಕಾರಿನಲ್ಲಿ ಹೋಗಬೇಕು. ಸೀರೆಗೆ ಪೆಟ್ರೋಲ್ ವಾಸನೆ ಹಿಡಿದರೆ? ದಾರಿಯಲ್ಲಿ ಗಾಡಿ ನಿಂತರೆ? ರುದ್ರೇಶ್ ಅಳೆದೂ ಸುರಿದೂ ಹೇಳಿದರು:

‘ಒಂದ್ಕೆಲ್ಸ ಮಾಡು ಗಿರಿಜಾ. ನೀನು ಬಸ್ಸಲ್ಲಿ ಬಂದ್ಬುಡು.’

ಬಂದೆ. ಮಿಡಿಗೇಶಿ ದಾಟಿದ ಮೇಲೆ, ಹೂವಿನಂಗಡಿಗೆ ಹೋಗಿ ಹಿಂದೆ ಬಿದ್ದಿದ್ದ ನಮ್ಮ ಕಾರು ಬಸ್ಸನ್ನು ಓವರ್‌ಟೇಕ್ ಮಾಡಿತು. ಹೊಗೆಯಿಲ್ಲ. ಕೆಮ್ಮಿಲ್ಲ. ಒಳಗೆ ಗಂಡ ತಾಳ ಹಾಕುತ್ತಾ ಹಾಡು ಹೇಳಿಕೊಳ್ಳುತ್ತಿದ್ದರು. ನಾನು ಸಂಕಟಕ್ಕೆ ‘ಅಗೋ, ನಮ್ಮನೆಯವ್ರು’ ಎಂದುಬಿಟ್ಟೆ.

ಪಕ್ಕದಲ್ಲಿ ಕೂತಿದ್ದ ಹೆಂಗಸು ಕಾರನ್ನು ನೋಡಿದಳು. ನನ್ನನ್ನು ನೋಡಿದಳು. ‘ಮತ್ತೆ ನೀನ್ಯಾಕಮ್ಮ ಬಸ್ನಾಗೆ?’

‘ಕಾರಿಗೆ ನಾನು ಆಗಲ್ಲ.’

ಆಕೆ ನನ್ನ ಕೈ ಸವರಿ, ಮಡಿಲಲ್ಲಿದ್ದ ಬೇಯಿಸಿದ ಕಡಲೇಕಾಯಿಯಲ್ಲಿ ಅರ್ಧ ನನ್ನ ಕೈಗೆ ಸುರಿದಳು.

ಪಾವಗಡದಲ್ಲಿ ಬಸ್ ಬದಲಿಸಿ ಅಕ್ಕನ ಮನೆ ಮುಟ್ಟುವ ಹೊತ್ತಿಗೆ ನನ್ನ ಗಂಡ ಬಂದು ಕಾಫಿ ಕುಡಿದಾಗಿತ್ತು. ಬಾಗಿಲಲ್ಲೇ ಈರಮ್ಮ ದೊಡ್ಡಮ್ಮ ಹಿಡಿದರು. ನಮ್ಮಮ್ಮನ ಅಕ್ಕ. ನಮ್ಮ ವಂಶದ ಎಲ್ಲ ಸುದ್ದಿಗೂ ಅವರೇ ಹೆಡ್ ಆಫೀಸು.

‘ಏಮಮ್ಮಾ ಗಿರಿಜಾ, ಅವ್ನು ಬ್ಯಾರೆ ನೀನು ಬ್ಯಾರೆ ಬಂದ್ರಂತಲ್ಲ?’

‘ಕಾರು ರಿಪೇರಿ ದೊಡ್ಡಮ್ಮ.’

‘ರಿಪೇರಿ ಆಗಿದ್ರೆ ಅವ್ನೆಂಗ್ ಬಂದ?’

ನಾನು ಚಪ್ಪಲಿ ಬಿಟ್ಟು ಒಳಗೆ ನುಗ್ಗಿದೆ. ಉತ್ತರವಿಲ್ಲದ ಕಡೆ ನಮ್ಮ ಜನ ಸುಮ್ಮನಿರುತ್ತಾರಾ? ಉಂಗುರ ಬದಲಾಯಿಸುವ ಮೊದಲು ನಾವಿಬ್ಬರೂ ಮಾತು ಬಿಟ್ಟಿದ್ದೇವೆ ಎಂದಾಗಿತ್ತು. ಪಾಯಸ ಬಡಿಸುವಾಗ ಅಡಿಗೆ ಬೇರೆ ಬೇರೆ. ಮೊಸರನ್ನಕ್ಕೆ ಬರುವ ಹೊತ್ತಿಗೆ ವಕೀಲರ ಹತ್ತಿರ ಹೋಗಿಬಂದಿದ್ದೆವು!

ಅಕ್ಕ ಅಡಿಗೆ ಮನೆಗೆ ನನ್ನನ್ನು ಎಳೆದುಕೊಂಡು ಹೋಗಿ ಅಳುವ ಮುಖ ಮಾಡಿದಳು. ‘ಇವತ್ತೇ ಆಗ್ಬೇಕಿತ್ತೇನೆ ಇದು? ಗಂಡಿನ ತಂದೆ ಕೇಳ್ತಾವ್ರೆ, ಹೆಣ್ಣಿನ ಚಿಕ್ಕಮ್ಮ ಗಂಡನ್ನ ಬಿಟ್ಟವ್ಳಂತೆ, ಹೌದಾ ಅಂತ. ಮದುವೆ ದಿನ ಗೊತ್ತು ಮಾಡೋದು ಬಿಟ್ಟು ಮುಖ ಗಂಟಾಕ್ಕೊಂಡ್ ಕೂತವ್ರೆ.’

ನನಗೆ ಆಗ ಭಯವಾಯಿತು. ಇಷ್ಟು ಹೊತ್ತು ತಮಾಷೆಯಾಗಿದ್ದದ್ದು ಈಗ ಆ ಹುಡುಗಿಯ ಮದುವೆಗೆ ಬಂದು ನಿಂತಿತ್ತು. ಮೂಲೆಯಲ್ಲಿ ನಿಂತಿದ್ದ ನಮ್ಮ ಸಿಂಧು, ಅವತ್ತಿನ ಮಧುಮಗಳು, ಕಣ್ಣು ತುಂಬಿಕೊಂಡು ನನ್ನನ್ನೇ ನೋಡುತ್ತಿದ್ದಳು.

ಅಷ್ಟರಲ್ಲಿ ಹೊರಗೆ ಚಪ್ಪರದಡಿ ಹಿರಿಯರು ರುದ್ರೇಶ್ ಅವರನ್ನು ಕೂರಿಸಿಕೊಂಡು ವಿಚಾರಿಸುತ್ತಿದ್ದರು. ಅವರೋ, ಎಲ್ಲವನ್ನೂ ವಿವರಿಸಿಬಿಡುವ ಹುರುಪಿನಲ್ಲಿ ಇದ್ದರು.

‘ನಮ್ಮಿಬ್ರ ಮಧ್ಯೆ ಏನೂ ಇಲ್ಲ. ಮಿಕ್ಸ್ಚರ್ ಸರಿ ಇಲ್ಲ ಅಷ್ಟೇಯ. ಗಿರಿಜಾ ಪಕ್ಕದಲ್ಲಿದ್ರೆ ರಿಚ್ ಆಗ್ಬುಡುತ್ತೆ. ಶಿರಾದಲ್ಲೂ ತೋರಿಸ್ದೆ. ಅವ್ಳನ್ನ ಇಳಿಸಿದ್ರೆ ಸರಿಹೋಗುತ್ತೆ ಅಂದ್ರು.’

ದೊಡ್ಡಮ್ಮನ ಕಿವಿಗೆ ಬಿದ್ದದ್ದು ಒಂದೇ ಪದ. ‘ನೋಡ್ದಾ? ಹೆಂಡ್ತಿ ರಿಚ್ ಆಗ್ಬುಟ್ಟವ್ಳೆ. ಅದಕ್ಕೇ ಗಂಡ ಕಣ್ಣಿಗೆ ಕಾಣ್ತಿಲ್ಲ!’

ಇನ್ನು ತಡೆಯಲಾಗಲಿಲ್ಲ. ನಾನು ಹೊರಗೆ ಬಂದು, ‘ರೀ, ಏಳಿ. ಕಾರು ತೆಗೀರಿ. ನಾನೂ ಕೂತ್ಕೋತೀನಿ. ಎಲ್ಲಾ ನೋಡ್ಲಿ’ ಎಂದೆ.

‘ನಾನೂ ಬತ್ತೀನಿ’ ಎಂದು ದೊಡ್ಡಮ್ಮ ಹಿಂದಿನ ಸೀಟಿಗೆ ಹತ್ತಿದರು. ಗಂಡಿನ ಕಡೆಯವರು, ಹೆಣ್ಣಿನ ಕಡೆಯವರು, ಅಡಿಗೆಯವರು, ಎಲ್ಲರೂ ಚಪ್ಪರದ ಕೆಳಗೆ ಸಾಲಾಗಿ ನಿಂತರು. ನಾನು ಬ್ಯಾಗ್ ನೇತುಹಾಕಿದೆ. ರುದ್ರೇಶ್ ಸ್ಟಾರ್ಟ್ ಮಾಡಿದರು.

ಕಾರು ನನ್ನ ಮಾನ ಉಳಿಸಲಿಲ್ಲ. ಗೊರಗೊರ ಎಂದದ್ದೇ, ಚಪ್ಪರದ ತುಂಬ ಕಪ್ಪು ಹೊಗೆ. ಗಂಡಿನ ತಂದೆ ಕೆಮ್ಮುತ್ತಾ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡರು. ‘ನೋಡಿದ್ರಾ? ನಾನು ಹೇಳಿದ್ನಲ್ಲ!’ ಎಂದು ರುದ್ರೇಶ್ ಕಿಟಕಿಯಿಂದ ಕೂಗಿದರು. ಸಾಬೀತಾಯಿತೆಂದು ಅವರಿಗೆ ಖುಷಿ!

‘ಅಯ್ಯೋ ಶಿವನೇ, ಗಂಟ್ಲು ಉರೀತೈತೆ’ ಎಂದರು ದೊಡ್ಡಮ್ಮ. ‘ಗಿರಿಜಾ, ನನ್ನ ಎಲೆಅಡಿಕೆ ಚೀಲ ನಿನ್ ಬ್ಯಾಗ್ನಾಗೆ ಇಟ್ಟಿದ್ದೆ. ಇತ್ಲಾಗ್ ಕೊಡು.’

ಬ್ಯಾಗ್ ತೆಗೆದು ಹಿಂದಕ್ಕೆ ಕೊಟ್ಟೆ. ಇಂಜಿನ್ ಒಮ್ಮೆ ನಿಟ್ಟುಸಿರು ಬಿಟ್ಟು ಸರಿಹೋಯಿತು. ಹೊಗೆ ನಿಂತಿತು.

ದೊಡ್ಡಮ್ಮ ಎಲೆ ತೆಗೆದುಕೊಂಡು ಬ್ಯಾಗ್ ವಾಪಸ್ ಕೊಟ್ಟರು. ಮತ್ತೆ ನೇತುಹಾಕಿದೆ. ಗೊರಗೊರ.

ರುದ್ರೇಶ್ ನಿಧಾನವಾಗಿ ತಲೆ ತಿರುಗಿಸಿದರು. ಹದಿನೆಂಟು ವರ್ಷದಲ್ಲಿ ಮೊದಲ ಸಲ ನನ್ನ ಬ್ಯಾಗನ್ನು ನೋಡಿದರು.

‘ಲೇ, ಅದು ಚೋಕು ಕಣೇ!’

‘ಯಾವುದು?’

‘ನೀನು ಬ್ಯಾಗ್ ನೇತಾಕಿರೋದು!’

‘ಕೊಕ್ಕೆ ಅಲ್ವಾ ಅದು?’

‘ಕೊಕ್ಕೆ ಅಂತ ಯಾರೇ ಹೇಳಿದ್ರು ನಿಂಗೆ?’

‘ಚೋಕು ಅಂತಾನೂ ಯಾರೂ ಹೇಳ್ಲಿಲ್ಲ!’

ಗೊತ್ತಿಲ್ಲದವರಿಗೆ ಹೇಳುತ್ತೇನೆ. (ನನಗೂ ಅವತ್ತೇ ಗೊತ್ತಾದದ್ದು.) ಹಳೆಯ ಕಾರುಗಳಲ್ಲಿ ಡ್ಯಾಶ್‌ಬೋರ್ಡಿನ ಕೆಳಗೆ ಒಂದು ಕರಿ ಗುಬುಟು ಇರುತ್ತದೆ. ಚಳಿಗೆ ಇಂಜಿನ್ ಹತ್ತದಿದ್ದಾಗ ಅದನ್ನು ಎಳೆದರೆ ಕಾರ್ಬ್ಯುರೇಟರಿಗೆ ಗಾಳಿ ಹೋಗುವ ಬಾಯಿ ಅರ್ಧ ಮುಚ್ಚಿಕೊಂಡು ಪೆಟ್ರೋಲ್ ಜಾಸ್ತಿ ಹೋಗುತ್ತದೆ. ಬಿಸಿಯಾದ ಮೇಲೆ ಬಿಟ್ಟುಬಿಡಬೇಕು. ನಮ್ಮ ಕಾರಿನಲ್ಲಿ ಆ ಗುಬುಟು ಕೆಳಮುಖವಾಗಿ ಬಾಗಿ, ತುದಿ ಕೊಕ್ಕೆಯ ಹಾಗೆ ಮೇಲೆದ್ದಿದೆ. ಬ್ಯಾಗ್ ನೇತುಹಾಕುವುದಕ್ಕೆ ಎಷ್ಟು ಅನುಕೂಲ! ನೀರಿನ ಸ್ಟೀಲ್ ಬಾಟಲಿ, ಮಕ್ಕಳ ಉತ್ತರಪತ್ರಿಕೆ, ಛತ್ರಿ, ಎಲ್ಲ ತುಂಬಿದ ನನ್ನ ಬ್ಯಾಗು ಅದನ್ನು ಎಳೆದು ಹಿಡಿಯುತ್ತಿತ್ತು. ಗುಬುಟನ್ನು ಮುಚ್ಚಿಯೂ ಬಿಡುತ್ತಿತ್ತು. ನಾನು ಬ್ಯಾಗ್ ತೆಗೆದುಕೊಂಡು ಇಳಿದರೆ ಸ್ಪ್ರಿಂಗು ಅದನ್ನು ವಾಪಸ್ ಎಳೆದುಕೊಳ್ಳುತ್ತಿತ್ತು.

‘ಇಷ್ಟು ವರ್ಷ ಇಲ್ಲೇ ನೇತಾಕಿದೀನಿ. ಅವಾಗ ಹೊಗೆ ಯಾಕೆ ಬರ್ಲಿಲ್ಲ?’ ಎಂದೆ.

ಗಂಡ ಸ್ಟೀರಿಂಗ್ ಒರೆಸತೊಡಗಿದರು. ಆ ಒರೆಸಾಟ ನನಗೆ ಗೊತ್ತು.

‘ಏನ್ ಮಾಡಿದ್ರಿ?’

‘ಯುಗಾದಿಗೆ ಗಾಡಿ ತೊಳೆದಾಗ... ಚೋಕ್ ಕೇಬಲ್ಲು ಬಿಗಿಯಾಗಿತ್ತು, ಬ್ಯಾಗಿನ ಭಾರಕ್ಕೆಲ್ಲ ಜಗ್ತಿರ್ಲಿಲ್ಲ. ಒಂಚೂರು ಎಣ್ಣೆ ಬಿಟ್ಟೆ. ಆಮೇಲಿಂದ ಅದು ಎಳೆದ್ರೆ ನಿಲ್ಲಲ್ಲ. ಬೆಳಿಗ್ಗೆ ಹೊತ್ತು ನಿಲ್ಲೋಕೆ ಬಟ್ಟೆ ಕ್ಲಿಪ್ಪು ಸಿಕ್ಕಿಸ್ತೀನಿ.’

‘ಬಟ್ಟೆ ಕ್ಲಿಪ್ಪು? ನನ್ನ ಕ್ಲಿಪ್ಪುಗಳು ಕಳೆದುಹೋಗ್ತಿದ್ದಿದ್ದು ನಿಮ್ಮಿಂದಾನಾ? ಮೇಲಿನ ಮನೆಯವ್ರನ್ನ ನಾನು ಎಷ್ಟು ಬೈಕೊಂಡಿದೀನಿ!’

‘ಕ್ಲಿಪ್ಪಿಂದು ಬಿಡು. ನಿನ್ ಬ್ಯಾಗಲ್ಲೇನು ಕಲ್ಲು ತುಂಬ್ಕೊಂಡಿರ್ತೀಯಾ?’

‘ನನ್ನ ಬಸ್ಸಿಗೆ ಹತ್ತಿಸಿ ಬಾಳೆಗೊನೆಗೆ ಸೀಟ್ ಬೆಲ್ಟ್ ಹಾಕಿದೋರು ನೀವು!’

‘ಗೊನೆ ಬ್ಯಾಗ್ ನೇತಾಕಲ್ಲ!’

ಹೀಗೆ ಎಷ್ಟು ಹೊತ್ತು ನಡೆಯಿತೋ. ಕಾರಿನ ಗಾಜು ಇಳಿದೇ ಇತ್ತು ಎಂಬುದು ನಮಗಿಬ್ಬರಿಗೂ ಮರೆತುಹೋಗಿತ್ತು. ಎಮ್ಮೆ ಬಂತು, ಟೈರು ಬಂತು, ಆ ‘ಇನ್ನೊಂದು ಸ್ವಲ್ಪ’ವೂ ಬಂತು. ಉಸಿರೆಳೆದುಕೊಳ್ಳಲು ನಿಲ್ಲಿಸಿದಾಗ ನೋಡುತ್ತೇನೆ, ಇಡೀ ಚಪ್ಪರ ಕಾರಿನ ಸುತ್ತ ನಿಂತಿದೆ. ಮುಂದೆಯೇ ಗಂಡಿನ ತಂದೆ. ಹಣೆಯ ಮೇಲೆ ವಿಭೂತಿ, ಅದರ ಮೇಲೆ ಮಸಿ.

ಮುಗಿಯಿತು, ಸಿಂಧುವಿನ ಮದುವೆ ನನ್ನ ಬ್ಯಾಗಿನಿಂದ ನಿಂತುಹೋಯಿತು ಎಂದುಕೊಂಡೆ.

ಅವರು ಬಗ್ಗಿ ಕಿಟಕಿಯೊಳಗೆ ಇಬ್ಬರನ್ನೂ ನೋಡಿದರು. ನಿಧಾನವಾಗಿ ಮುಖ ಅರಳಿತು. ಹಿಂದೆ ತಿರುಗಿ ತಮ್ಮ ಕಡೆಯವರಿಗೆ ಕೂಗಿದರು:

‘ಏಯ್, ಬಿಟ್ಟೂ ಇಲ್ಲ ಏನೂ ಇಲ್ಲ! ಬಿಟ್ಟೋರು ಇಂಗ್ ಕಚ್ಚಾಡ್ತಾರೇನ್ರಯ್ಯಾ? ಗಂಡ ಹೆಂಡ್ತಿ ಚೆನ್ನಾಗವ್ರೆ. ಬನ್ನಿ, ಪಂಚಾಂಗ ತೆಗೀರಿ!’

ದೊಡ್ಡಮ್ಮ ಹಿಂದಿನ ಸೀಟಿನಲ್ಲಿ ಎಲೆ ಅಗಿಯುತ್ತಾ, ‘ನಾನ್ ಮೊದಲೇ ಹೇಳಿದ್ದೆ’ ಎಂದರು. (ಯಾರಿಗೆ? ಯಾವಾಗ?)

ಮದುವೆ ದಿನ ಗೊತ್ತಾಯಿತು. ವಾಪಸ್ ಬರುವಾಗ ನಾನು ಕಾರಿನಲ್ಲೇ ಬಂದೆ, ಬ್ಯಾಗು ತೊಡೆಯ ಮೇಲೆ. ಹೊಗೆ ಇರಲಿಲ್ಲ. ಆದರೆ ಏರು ಸಿಕ್ಕಿದಾಗೆಲ್ಲ ಕಾರು ಪಟಾರ್ ಎಂದು ಸಿಡಿಯುತ್ತಿತ್ತು. (ಹೋಗುವಾಗ ಗಂಡ ಹಾಡಿನ ಗುಂಗಿನಲ್ಲಿ ಅದನ್ನು ಗಮನಿಸಿರಲಿಲ್ಲವಂತೆ.) ಬಷೀರ್ ಭಾಯ್ ಪೆಟ್ರೋಲನ್ನು ಅಷ್ಟು ಬಿಗಿ ಹಿಡಿದಿದ್ದರಲ್ಲ, ಈಗ ಇಂಜಿನ್ನಿಗೆ ಹೊಟ್ಟೆಗಿಲ್ಲ. ಮರುದಿನ ಫೋನ್ ಮಾಡಿ ಎಲ್ಲ ಹೇಳಿದೆವು. ಅವರು ಒಂದು ಕ್ಷಣವೂ ತಡಮಾಡಲಿಲ್ಲ.

‘ಅದೇ ನಾನು ಅವತ್ತೇ ಹೇಳಿದ್ನಲ್ಲ ಸಾರ್, ಪ್ರಾಬ್ಲಂ ಮೇಡಂ ಕಡೆಯಿಂದ ಅಂತ!’

ಶಿರಾಕ್ಕೆ ಹೋಗಿ ಸ್ಕ್ರೂ ಸಡಿಲ ಮಾಡಿಸಿಕೊಂಡು ಬಂದೆವು. ಪ್ಲಗ್ಗು ಈಗ ಹಾಲು ಜಾಸ್ತಿಯಾದ ಕಾಫಿ. ಕಾರು ಸದ್ದಿಲ್ಲದೆ ಓಡುತ್ತಿದೆ.

ನಿನ್ನೆ ಅಕ್ಕನ ಫೋನ್ ಬಂತು. ಮದುವೆಯ ದಿನ ವರನನ್ನು ಎದುರುಗೊಳ್ಳಲು ನಾವಿಬ್ಬರೇ ಜೋಡಿಯಾಗಿ ನಿಲ್ಲಬೇಕೆಂದು ಗಂಡಿನ ತಂದೆ ಪಟ್ಟು ಹಿಡಿದಿದ್ದಾರಂತೆ. ‘ಅಂಥ ಅನ್ಯೋನ್ಯ ದಂಪತಿ ಎಲ್ಲಿ ಸಿಕ್ತಾರೆ’ ಎಂದರಂತೆ. ರುದ್ರೇಶ್ ಇದನ್ನು ಬಹಳ ಗಂಭೀರವಾಗಿ ತೆಗೆದುಕೊಂಡಿದ್ದಾರೆ.

‘ಅವತ್ತು ಯಾವ ವಿಷ್ಯಕ್ಕೆ ಜಗಳ ಆಡೋಣ ಗಿರಿಜಾ?’ ಎಂದು ಬೆಳಿಗ್ಗೆಯಿಂದ ಕೇಳುತ್ತಿದ್ದಾರೆ.

ನೀವೇ ಹೇಳಿ, ಇದೂ ಮೊದಲೇ ಕೂತು ಗೊತ್ತು ಮಾಡುವ ವಿಷಯವೇ?